ನೀವು ನ್ಯಾಯಾಧೀಶರಾಗಿರುವ ಊರು

ಯಾತಾಯ್ತಿ ಗ್ರಾಮ, ಪರಾಗ್ವೆ
1872ರ ಜುಲೈ, ಸಂತ ಯಾಕೋಬರ ಹಬ್ಬದ ಮಾರನೆಯ ದಿನ

ಬದುಕಿದ್ದೀರೆಂದು ಈಗಷ್ಟೇ ತಿಳಿದುಬಂದ ನನ್ನ ಯಜಮಾನರಿಗೆ ಹಿಗಿನಿಯಾ ಮಾಡುವ ವಂದನೆಗಳು.

ನಿಮ್ಮ ಕಾಗದ ಸೇರಿತು. ನೀವು ಅದನ್ನು ನನಗೆ ಬರೆದದ್ದಲ್ಲ. "ಯಾತಾಯ್ತಿ ಗ್ರಾಮದ ಮಾನ್ಯ ನ್ಯಾಯಾಧೀಶರಿಗೆ" ಎಂದು ಬರೆದಿದ್ದೀರಿ. ಯುದ್ಧಕ್ಕೆ ಮುಂಚೆ ತಮ್ಮ ಊರಿನಲ್ಲಿ ಕಾನ್ಯೆತೆ ಎಂಬ ಮನೆತನವಿತ್ತು, ಅವರಲ್ಲಿ ಒಬ್ಬ ಮುದುಕಿ, ಹಿಗಿನಿಯಾ ಎಂಬ ಹೆಂಗಸು, ಇಬ್ಬರು ಮಕ್ಕಳು ಇದ್ದರು, ಯಾರಾದರೂ ಉಳಿದಿದ್ದರೆ ದಯವಿಟ್ಟು ತಿಳಿಸಬೇಕು ಎಂದು ಕೇಳಿದ್ದೀರಿ. ಕೆಳಗೆ ನಿಮ್ಮ ಸಹಿ. ನ್ಯಾಯಾಧೀಶರು ಆ ಕಾಗದವನ್ನು ತಂದು ನನ್ನ ಕೈಗೆ ಕೊಟ್ಟರು. ಉತ್ತರವನ್ನು ನಾನು ಬರೆಯಬೇಕಾಗಿದೆ. ಯಾಕೆಂದರೆ ಈ ಊರಿನ ನ್ಯಾಯಾಧೀಶರ ಹೆಸರು ಎವರಿಸ್ತೊ ಕಾನ್ಯೆತೆ. ಯುದ್ಧ ಮುಗಿದ ವರ್ಷದಿಂದ ಇಲ್ಲಿ ನ್ಯಾಯ ಹೇಳುತ್ತಿರುವವರು ನೀವೇ.

ಗಾಬರಿಯಾಗಬೇಡಿ, ನನಗೆ ತಲೆ ಕೆಟ್ಟಿಲ್ಲ. ಮೊದಲು ನೀವು ಕೇಳಿದ್ದಕ್ಕೆ ಉತ್ತರ ಹೇಳಿಬಿಡುತ್ತೇನೆ.

ದೆಲ್ಫಿನಾ ಇದ್ದಾಳೆ. ನೀವು ಹೊರಟಾಗ ಜೋಲಿಯಲ್ಲಿ ಮಲಗಿದ್ದ ಕೂಸು ಈಗ ಕಿತ್ತಳೆ ಮರ ಹತ್ತುತ್ತಾಳೆ. ನಿಮ್ಮ ಹಾಗೆಯೇ ಉಗುರು ಕಚ್ಚುತ್ತಾಳೆ, ಬೈದರೆ ನಿಮ್ಮ ಹಾಗೆಯೇ ನಗುತ್ತಾಳೆ. ಕ್ರಿಸ್ಪಿನ್ ಇಲ್ಲ. ಯುದ್ಧದ ಕೊನೆಕೊನೆಗೆ ಮಕ್ಕಳನ್ನೂ ದಂಡಿಗೆ ಕರೆದರು. ದೂರದಿಂದ ಗಂಡಸರಂತೆ ಕಾಣಲೆಂದು ಅವರ ಕೆನ್ನೆಗೆ ಇದ್ದಿಲಿನಲ್ಲಿ ಗಡ್ಡ ಬರೆದು ಸಾಲಿನಲ್ಲಿ ನಿಲ್ಲಿಸಿದರು. ಕ್ರಿಸ್ಪಿನನಿಗೆ ಗಡ್ಡ ಬರೆದವಳು ನಾನೇ. ಬೇರೆಯವರು ಬರೆದರೆ ಒರಟಾಗಿ ಉಜ್ಜುತ್ತಾರಲ್ಲ ಎಂದು. ಇದಕ್ಕಿಂತ ಹೆಚ್ಚು ಈ ವಿಷಯ ಬರೆಯಲಾರೆ, ನೀವೂ ಕೇಳಬೇಡಿ.

ಅತ್ತೆಯವರು ದಾರಿಯಲ್ಲಿ ತೀರಿಕೊಂಡರು. ಸೈನ್ಯ ಹಿಂದೆ ಸರಿಯುತ್ತಾ ಊರೂರನ್ನೇ ಎಬ್ಬಿಸಿ ತನ್ನ ಜೊತೆ ಕಾಡಿನೊಳಕ್ಕೆ ಹೊಡೆದುಕೊಂಡು ಹೋಯಿತು. ಹಿಂದೆ ಉಳಿದವರು ಶತ್ರುವಿಗೆ ಅನ್ನ ಬೇಯಿಸಿ ಹಾಕುತ್ತಾರೆ ಎಂಬುದು ಅವರ ಲೆಕ್ಕ. ನಾವು ನಡೆದೆವು. ಹುಳಿ ಕಿತ್ತಳೆ ತಿಂದೆವು, ಈಚಲಿನ ತಿರುಳು ತಿಂದೆವು, ಆಮೇಲೆ ತಿಂದದ್ದನ್ನು ಬರೆಯುವುದಿಲ್ಲ. ಒಂದು ದಿನ ಬಿಸಿಲೇರಿದ ಮೇಲೆ ಅತ್ತೆ ಒಂದು ಈಚಲ ಮರದ ಬುಡದಲ್ಲಿ ಕುಳಿತರು. "ಈ ಚುಟ್ಟ ಮುಗಿಸಿ ಬರ್ತೀನಿ, ನೀವು ನಡೀರಿ ಮುಂದೆ" ಎಂದರು. ನಿಮಗೆ ಗೊತ್ತಲ್ಲ, ಅವರು ಒಂದು ಮಾತು ಆಡಿದ ಮೇಲೆ ಮುಗಿಯಿತು. ಕಿವಿಯ ಹವಳದ ಓಲೆಗಳಲ್ಲಿ ಒಂದನ್ನು ಬಿಚ್ಚಿ ದೆಲ್ಫಿನಾಳ ಕಿವಿಗೆ ಹಾಕಿದರು. ನಾನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಡೆದೆ. ಅವರು ಬರಲಿಲ್ಲ. ದಣಿವಿಗೆ ಜೀವ ಹೋಗಿರಬೇಕು ಎಂದುಕೊಂಡೆ. ಹಾಗೆಂದುಕೊಂಡು ಬಹಳ ಕಾಲ ಇದ್ದೆ.

ನೀವಂತೂ ಮೊದಲ ವರ್ಷವೇ ಸತ್ತಿದ್ದಿರಿ. ನಿಮ್ಮ ದಂಡು ನದಿಯಾಚೆ ಶರಣಾಯಿತು, ಕೆಲವರು ದಾಟುವಾಗ ಮುಳುಗಿದರು ಎಂದು ಸುದ್ದಿ ಬಂತು. ಶರಣಾದವರ ಹೆಂಡಿರನ್ನು ದ್ರೋಹಿಯ ಹೆಂಡಿರೆಂದು ಎಳೆದೊಯ್ಯುತ್ತಿದ್ದರು. ಕಾಸಿಮಿರಾ ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು: "ಮುಳುಗಿದ ಅನ್ನು. ಜೋರಾಗಿ ಅಳು. ಊರಿಗೆಲ್ಲ ಕೇಳೋ ಹಾಗೆ ಅಳು." ಹಾಗೆಯೇ ಅತ್ತುಬಿಟ್ಟೆ. ಅಳುತ್ತಾ ಅಳುತ್ತಾ ನಾನೂ ನಂಬಿದೆ.

ಕಾಸಿಮಿರಾ ಅಕ್ಕ ನೆನಪಿದ್ದಾಳಲ್ಲ? ಮಡಕೆ ಮಾಡುವವಳು, ನಮ್ಮ ಮದುವೆಯ ದಿನ ನಿಮ್ಮ ಕುದುರೆಯನ್ನು ನಿಮಗಿಂತ ಹೆಚ್ಚು ಹೊಗಳಿದವಳು. ಅವಳ ಗಂಡ, ಅಣ್ಣ ತಮ್ಮ, ಮಕ್ಕಳು ಯಾರೂ ಇಲ್ಲ. ನಾಲಿಗೆ ಮಾತ್ರ ಹಾಗೇ ಇದೆ.

ನಾವು ಹಿಂದಿರುಗಿದಾಗ ಊರೆಂಬುದು ಇರಲಿಲ್ಲ. ಚರ್ಚಿನ ಗೋಡೆ ನಿಂತಿತ್ತು, ಕಿತ್ತಳೆ ಮರಗಳು ಹಣ್ಣು ಹೊತ್ತು ನಿಂತಿದ್ದವು, ಬಾವಿಯನ್ನು ಯಾರೋ ಕೆಡಿಸಿದ್ದರು. ಬಂದವರೆಲ್ಲ ಹೆಂಗಸರು, ಮಕ್ಕಳು, ಮತ್ತು ಕಣ್ಣು ಕಾಣದ ಪೊನ್ಸಿಯಾನೊ ತಾತ. ಎತ್ತುಗಳಿಲ್ಲದೆ ನಾವೇ ಹೆಗಲಿಗೆ ನೊಗ ಕಟ್ಟಿಕೊಂಡು ನೇಗಿಲು ಎಳೆದೆವು.

ಹಸಿವಿಗಿಂತ ಕೆಟ್ಟದ್ದು ಆಮೇಲೆ ಬಂತು. ಒಬ್ಬಳು ನೆಟ್ಟ ಮರಗೆಣಸನ್ನು ಇನ್ನೊಬ್ಬಳು ಕಿತ್ತಳು. ದಾರಿಯುದ್ದಕ್ಕೂ ಒಂದೇ ಕಂಬಳಿಯಲ್ಲಿ ಮಲಗಿ ಬಂದವರು ಈಗ ಬೇಲಿಗಾಗಿ ಮಚ್ಚು ಹಿಡಿದು ನಿಂತರು. ಕಾಡಿನಿಂದ ಒಂದು ಹಸು ತಾನಾಗಿಯೇ ಊರಿಗೆ ಬಂತು, ಗಬ್ಬದ ಹಸು. ಸಾತುರ್ನಿನಾ ಅದು ತನ್ನದೆಂದಳು, ಪೆತ್ರೋನಾ ತನ್ನದೆಂದಳು. ಇಬ್ಬರೂ ಅದರ ಒಂದೊಂದು ಕೊಂಬು ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತರು. ಕೊನೆಗೆ ಮಚ್ಚಿನೇಟಿಗೆ ಪೆತ್ರೋನಾಳ ಕೈಬೆರಳು ತುಂಡಾಯಿತು. ಯಾರು ಯಾರಿಗೆ ಹೇಳಬೇಕು?

ಅಂಥ ದಿನಗಳಲ್ಲಿ ಅಸುನ್ಸಿಯೋನ್‌ನಿಂದ ಹೊಸ ಸರ್ಕಾರದ ಅಧಿಕಾರಿಯೊಬ್ಬ ಬಂದ. ಚಿಕ್ಕ ವಯಸ್ಸು, ಅಳತೆಗಿಂತ ದೊಡ್ಡ ಬೂಟು. ಕುದುರೆಯ ಮೇಲೆ ಕುಳಿತೇ ಆಜ್ಞೆ ಓದಿದ. ಪ್ರತಿ ಊರಿಗೂ ಒಬ್ಬ ನ್ಯಾಯಾಧೀಶ ಇರಬೇಕು. ಆ ಊರಿನವನೇ ಆಗಿರಬೇಕು, ಓದು ಬರಹ ಬರಬೇಕು, ಗಂಡಸಾಗಿರಬೇಕು. ಅಂಥವನಿಲ್ಲದ ಊರು ಊರಲ್ಲ. ಆ ನೆಲವನ್ನು ಸರ್ಕಾರ ಬೇಕಾದವರಿಗೆ ಕೊಡುತ್ತದೆ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಪೊನ್ಸಿಯಾನೊ ತಾತ ಕೈ ಎತ್ತಿದ. ಸಾತುರ್ನಿನಾ ಅದನ್ನು ಮೆಲ್ಲಗೆ ಇಳಿಸಿದಳು. ಆಗ ಕಾಸಿಮಿರಾ ಅಕ್ಕ ಬಾಯಿಂದ ಚುಟ್ಟ ತೆಗೆದು, "ಇದ್ದಾರಲ್ಲ ಸ್ವಾಮಿ, ಎವರಿಸ್ತೊ ಕಾನ್ಯೆತೆ. ಇವಳ ಗಂಡ. ಶಾಲೆ ಕಲ್ತೋರು. ಜ್ವರ ಬಂದು ಒಳಗೆ ಮಲಗವ್ರೆ, ವಾಂತಿ ಬೇರೆ. ಬನ್ನಿ, ನೋಡ್ಕೊಂಡು ಹೋಗಿ" ಎಂದಳು. ವಾಂತಿ ಎಂದ ಕೂಡಲೇ ಅಧಿಕಾರಿ ಕುದುರೆಯನ್ನು ಎರಡು ಮಾರು ಹಿಂದಕ್ಕೆ ಎಳೆದ. ಆ ವರ್ಷ ಕಾಲರಾಕ್ಕೆ ಎಲ್ಲರೂ ಹೆದರುತ್ತಿದ್ದರು. ಹೆಸರು ಬರೆದುಕೊಂಡ, ಸರ್ಕಾರದ ಮುದ್ರೆಯನ್ನು ಕಾಸಿಮಿರಾಳ ಕಡೆಗೆ ಎಸೆದ, ಹೊರಟುಹೋದ.

ನಾನು ಅವಳ ಮೇಲೆ ರೇಗಿದೆ. ಸತ್ತವರ ಹೆಸರಿನಲ್ಲಿ ಇದೇನು ಆಟ ಎಂದೆ. ಅವಳು, "ಬದುಕಿರೋರಲ್ಲಿ ಯಾರಿದಾರೆ ಹೇಳೇ? ಇದ್ದಾಗ ನಿನ್ ಗಂಡ ಯಾವತ್ತು ಊರಿಗೆ ಉಪಯೋಗಕ್ಕೆ ಬಂದ? ಈಗಾದ್ರೂ ಬರ್ಲಿ ಬಿಡು" ಎಂದಳು. ನಿಮಗೆ ಬೇಸರವಾಗಬಹುದು. ನನಗೆ ನಗು ಬಂತು. ಬಹಳ ಕಾಲದ ಮೇಲೆ ನಕ್ಕೆ.

ಹೀಗೆ ನೀವು ನ್ಯಾಯಾಧೀಶರಾದಿರಿ. ನಮ್ಮ ಮನೆಯ ಒಳಕೋಣೆಯ ಬಾಗಿಲಿಗೆ ಒಂದು ಹಸುವಿನ ಚರ್ಮ ಇಳಿಬಿಟ್ಟೆವು. ಅದರ ಹಿಂದೆ ಚರ್ಚಿನಿಂದ ತಂದ ಕುರ್ಚಿ. ಕುರ್ಚಿಯ ಬೆನ್ನಿಗೆ ನಿಮ್ಮ ಮೇಲುಹೊದಿಕೆಯನ್ನು, ಆ ಕೆಂಪು ಪೊಂಚೊವನ್ನು, ಹೊದಿಸಿದೆವು. ನೀವು ಮದುವೆಯಾದ ಹೊಸದರಲ್ಲಿ ನನಗೆ ಅಕ್ಷರ ಕಲಿಸಿದ್ದಿರಿ, ನಿಮ್ಮ ಅಕ್ಷರವನ್ನೇ ತಿದ್ದಿ ತಿದ್ದಿ ನನ್ನ ಕೈಗೂ ಅದೇ ತಿರುವು ಬಂದಿದೆ. ಅಸುನ್ಸಿಯೋನ್‌ಗೆ ಹೋದ ಕಾಗದಗಳಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಜಗಳವಾಡಿದವರು ಚರ್ಮದ ಮುಂದೆ ಬಂದು ನಿಂತು ತಮ್ಮ ಮಾತು ಹೇಳುತ್ತಿದ್ದರು. ನಾನು ಒಳಗೆ ಹೋಗಿ, ಕುರ್ಚಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು ತೀರ್ಪು ಹೇಳುತ್ತಿದ್ದೆ. ಒಳಗೆ ಯಾರೂ ಇಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಹಸುವಿನ ಹಾಲು ಊರಿನ ಕೂಸುಗಳಿಗೆ, ಕರು ಪೆತ್ರೋನಾಳಿಗೆ, ಹಸು ಸಾತುರ್ನಿನಾಳ ಕೊಟ್ಟಿಗೆಯಲ್ಲಿರಲಿ ಎಂದು ನೀವು ಹೇಳಿದ್ದೀರೆಂದಾಗ ಇಬ್ಬರೂ ತಲೆಬಾಗಿದರು. ಅದೇ ಮಾತನ್ನು ಹಿಂದಿನ ವಾರ ನಾನು ಹೇಳಿದ್ದಾಗ ಮಣ್ಣು ಎರಚಿದ್ದರು!

ಮೊದಮೊದಲು ಆಟದಂತೆ ಇತ್ತು. ಬರಬರುತ್ತಾ ಹೆಂಗಸರು ಚರ್ಮದ ಮುಂದೆ ದನಿ ತಗ್ಗಿಸಿದರು. ಬೆಳಿಗ್ಗೆ ಯಾರೋ ಸೋರೆಬುರುಡೆಯಲ್ಲಿ ಮಾತೆ ಎಲೆಯ ಕಷಾಯ ತಂದಿಡುತ್ತಿದ್ದರು, ಮಧ್ಯಾಹ್ನದೊಳಗೆ ಅದು ಬರಿದಾಗಿರುತ್ತಿತ್ತು. ಕಾಸಿಮಿರಾ ಕುಡಿಯುತ್ತಾಳೆಂದು ನಾನಂದುಕೊಂಡಿದ್ದೆ. ನಾನು ಕುಡಿಯುತ್ತೇನೆಂದು ಅವಳಂದುಕೊಂಡಿದ್ದಳು.

ಮಳೆಗಾಲ ಕಳೆದ ಮೇಲೆ ಮೂವರು ಬಂದೂಕಿನವರು ಬಂದರು. ಯಾವ ದಂಡಿನವರೋ, ನಮ್ಮ ಮೇಲೆ ದಂಡೆತ್ತಿ ಬಂದ ಮೂರೂ ದೇಶದ ಮಾತು ಆಡುತ್ತಿದ್ದರು. ಹಸು ಬಿಚ್ಚಿದರು. ಸಾತುರ್ನಿನಾಳ ದೊಡ್ಡ ಮಗಳ ಜಡೆ ಹಿಡಿದರು. ನಾವೆಲ್ಲ ನಮ್ಮ ಮನೆಯ ಮುಂದೆ ಗುಂಪಾಗಿ ನಿಂತಿದ್ದೆವು. ಕಾಸಿಮಿರಾ, "ನ್ಯಾಯಾಧೀಶ್ರು ಒಳಗವ್ರೆ, ಎಬ್ಬಿಸ್ಬೇಡಿ" ಎಂದಳು. ಅವರು ನಕ್ಕರು. "ಕರಿ ನೋಡೋಣ ನಿನ್ ನ್ಯಾಯಾಧೀಶನ್ನ" ಎಂದು ಒಬ್ಬ ಹೊಸಿಲಿನ ಮೇಲೆ ಕಾಲಿಟ್ಟ.

ಒಳಗಿನಿಂದ ಕೆಮ್ಮು ಕೇಳಿಸಿತು.

ಗಂಡಸಿನ ಕೆಮ್ಮು. ತಂಬಾಕು ಸೇದುವವರ, ಎದೆಯ ಆಳದಿಂದ ಬರುವ ಕೆಮ್ಮು, ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಹೊಸಿಲಿನಲ್ಲಿದ್ದವನು ಕಾಲು ಹಿಂತೆಗೆದ. ಮೂವರೂ ಹಸುವನ್ನು ಬಿಟ್ಟು, ಹುಡುಗಿಯನ್ನು ಬಿಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೋದರು. ನಾನು ಅಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದೆ. ಎಲ್ಲರೂ ಹೊರಗೇ ಇದ್ದರು, ಪೊನ್ಸಿಯಾನೊ ತಾತನೂ. ಒಳಗೆ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ನನಗೂ. ಅದು ನಿಮ್ಮದೇ ಕೆಮ್ಮು. ಏಳು ವರ್ಷ ನಿಮ್ಮ ಪಕ್ಕದಲ್ಲಿ ಮಲಗಿದವಳು ನಾನು, ನನಗೆ ತಿಳಿಯದೆ? ಆವತ್ತು ಸಂಜೆ ಮೊದಲ ಬಾರಿಗೆ ನಿಮಗಾಗಿ ನಿಜವಾಗಿ ಅತ್ತೆ. ಸತ್ತವರು ನಮ್ಮನ್ನು ಬಿಟ್ಟುಹೋಗಿಲ್ಲ ಎಂದುಕೊಂಡೆ.

ಈಗ ನೀವು ಬದುಕಿದ್ದೀರೆಂದು ಬರೆದಿದ್ದೀರಿ. ಗಡಿಯಾಚೆ ಕೊರಿಯೆಂತೆಸ್ ಪಟ್ಟಣದಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದೀರಿ. ಹಾಗಾದರೆ ಕೆಮ್ಮಿದವರು ಯಾರು? ನಿಮ್ಮ ಕಾಗದ ಬಂದಾಗಿನಿಂದ ಆ ಕೋಣೆಗೆ ಹೋಗಲು ನನಗೆ ಮತ್ತೆ ಭಯವಾಗುತ್ತಿದೆ.

ಇನ್ನು ಬರೆಯಬೇಕಾದದ್ದು ಕಷ್ಟದ ಮಾತು. ಕುಳಿತುಕೊಂಡು ಓದಿ.

ಕಳೆದ ವರ್ಷ ಚಳಿಗಾಲದಲ್ಲಿ ಒಬ್ಬ ಅಲೆಮಾರಿ ಬಂದ. ಮೂಳೆ ಚಕ್ಕಳ, ಕಾಲ ತುಂಬ ಹುಣ್ಣು. ಹೊಳೆಯ ದಡದಲ್ಲಿ ನಿಂತು ಗೆಣಸಿನ ಸಿಪ್ಪೆಯಾದರೂ ಕೊಡಿ ಎಂದ. ಕಾಸಿಮಿರಾ ನೀರು ತುಂಬುತ್ತಿದ್ದಳು, ಬೆನ್ನು ಮಾಡಿ. ಅವನ ದನಿ ಕೇಳಿದ್ದೇ ಅವಳ ಕೈಯಿಂದ ಕೊಡ ಜಾರಿತು. ಆ ದನಿ ನಮಗೆಲ್ಲರಿಗೂ ಗೊತ್ತು. ದಾರಿಯುದ್ದಕ್ಕೂ "ಏಳು, ಏಳು, ನಡಿ" ಎಂದ ದನಿ. ಸಾರ್ಜೆಂಟ್ ತಿಬುರ್ಸಿಯೊ. ನಮ್ಮ ಸಾಲಿನ ಹಿಂದೆ ಕುದುರೆಯ ಮೇಲೆ ಈಟಿ ಹಿಡಿದು ಬರುತ್ತಿದ್ದವನು. ಎದ್ದು ನಡೆಯಲಾರದವರು ಶತ್ರುವಿನ ಕೈಗೆ ಸಿಗಬಾರದು ಎಂದು ಅವನಿಗೆ ಆಜ್ಞೆಯಿತ್ತು. ಕಾಸಿಮಿರಾಳ ತಂಗಿಯನ್ನು ಅವಳ ಕಣ್ಣೆದುರೇ ತಿವಿದವನು ಅವನು.

ಅವನನ್ನು ಕಿತ್ತಳೆ ಮರಕ್ಕೆ ಕಟ್ಟಿದರು. ಅವನು ಕೊಸರಾಡಲಿಲ್ಲ. ಹೆಂಗಸರು ಗುದ್ದಲಿ, ಮಚ್ಚು, ಒನಕೆ ಹಿಡಿದು ಸುತ್ತ ನಿಂತರು. ಆದರೆ ಮೊದಲ ಏಟು ಯಾರೂ ಹಾಕಲಿಲ್ಲ. ಕಾಸಿಮಿರಾ ನನ್ನ ಕಡೆ ತಿರುಗಿ, "ಹೋಗು, ಸಾಹೇಬ್ರನ್ನ ಕೇಳ್ಕೊಂಡು ಬಾ. ಕೇಳ್ದೆ ಮಾಡಿದ್ರೆ ನಾವೂ ಅವನ ಥರಾನೇ ಆಗ್ತೀವಿ. ಕೇಳ್ಕೊಂಡು ಬಾ, ಬೇಗ" ಎಂದಳು. ಬೇಗ ಎಂದದ್ದರಲ್ಲಿ ಎಲ್ಲವೂ ಇತ್ತು.

ನಾನು ಒಳಗೆ ಹೋದೆ. ಆವತ್ತು ಮೊದಲ ಸಲ ಕುರ್ಚಿಯ ಮೇಲೆ ಕುಳಿತೆ. ಕೊಲ್ಲಿ ಎನ್ನಲು ನನಗೂ ಆಸೆಯಿತ್ತು. ಆ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಇದು ನಿಮ್ಮ ಬಾಯಿಂದ ಬರುವ ಮೊದಲ ಕೊಲೆ. ಒಮ್ಮೆ ಅಂದರೆ ನಾಳೆ ಬೇಲಿಯ ಜಗಳಕ್ಕೂ ಹಾಗೆಯೇ ಕೇಳುತ್ತಾರೆ. ಬಿಟ್ಟುಬಿಡಿ ಎಂದರೆ ನಿಮ್ಮ ಮಾತಿಗೆ ಮತ್ತೆ ಬೆಲೆಯಿರುವುದಿಲ್ಲ. ಹೊರಗೆ ಬಂದೆ. "ಇವತ್ತು ಬೇಡವಂತೆ" ಎಂದೆ.

"ಇವತ್ತು ಬೇಡ್ವಂತಾ? ಹಾಗಾದ್ರೆ ನಾಳೆನಾ?"

"ನಾಳೆ ಕೇಳಬೇಕಂತೆ."

ಮಾರನೆಯ ದಿನ ಬೆಳಿಗ್ಗೆ ಕಾಸಿಮಿರಾ ಮಚ್ಚು ಹಿಡಿದು ಬಂದು ಕೇಳಿದಳು. ಇವತ್ತು ಬೇಡವಂತೆ ಎಂದೆ. ಅದರ ಮಾರನೆಯ ದಿನವೂ. ಅಷ್ಟರಲ್ಲಿ, ಸುಮ್ಮನೆ ಕಟ್ಟಿಹಾಕಿ ಗೆಣಸು ತಿನ್ನಿಸುವುದಕ್ಕೆ ಅವನೇನು ನಮ್ಮ ನೆಂಟನಾ ಎಂದು ಪೆತ್ರೋನಾ ಕೂಗಾಡಿದಳು. ಅವನ ಹೆಗಲಿಗೆ ನೊಗ ಕಟ್ಟಿದರು. ನೇಗಿಲು ಎಳೆದ. ಕೆಟ್ಟ ಬಾವಿಗೆ ಇಳಿದು ಅದರಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಮಣ್ಣು ಮಾಡಿದ, ಬಾವಿ ತೊಳೆದ. ಶಾಲೆಯ ಮಾಡು ಹೊದಿಸಿದ. ಮಲಗುವುದು ಬಂಡಿಯ ಕೆಳಗೆ. ಕಾಸಿಮಿರಾ ಬೆಳಿಗ್ಗೆ ಬಂದು ಅವನಿಗೆ ಕೇಳಿಸುವಂತೆಯೇ, "ಏನಂತೆ ಇವತ್ತು?" ಎಂದು ಕೇಳುವುದು ತಪ್ಪಲಿಲ್ಲ. ಇಂದಿಗೂ ತಪ್ಪಿಲ್ಲ.

ಒಳಗೆ ನಿಜವಾಗಿಯೂ ಒಬ್ಬರು ನ್ಯಾಯಾಧೀಶರಿದ್ದಾರೆ ಎಂದು ಅವನು ನಂಬಿದ್ದ. ಕೆಲಸ ಮುಗಿದ ಮೇಲೆ ಸಂಜೆ ಕೈಕಾಲು ತೊಳೆದು ಚರ್ಮದ ಮುಂದೆ ಬಂದು ಮಂಡಿಯೂರುತ್ತಿದ್ದ. ತಾನು ಏನೇನು ಮಾಡಿದೆನೋ ಅದನ್ನು ಒಂದೊಂದಾಗಿ ಹೇಳುತ್ತಿದ್ದ. ನಾನು ಒಳಗೆ ಕುಳಿತು ಕೇಳುತ್ತಿದ್ದೆ. ಯಾರಾದರೂ ಕೇಳಿಸಿಕೊಳ್ಳಲೇಬೇಕಲ್ಲ. ಕೆಲವರ ಹೆಸರು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವರನ್ನು ಅವರ ಮೇಲುವಸ್ತ್ರದ ಬಣ್ಣದಿಂದಲೋ, ಕೈಯಲ್ಲಿದ್ದ ಪಾತ್ರೆಯಿಂದಲೋ ಹೇಳುತ್ತಿದ್ದ.

ಒಂದು ಸಂಜೆ ಹೀಗೆಂದ: "ಒಬ್ಬ ಅಜ್ಜಿ ಇದ್ಲು ಸಾಹೇಬ್ರೇ. ಈಚಲ ಮರದ ಕೆಳಗೆ ಕೂತಿದ್ಲು. ಒಂದು ಕಿವೀಲಿ ಓಲೆ, ಒಂದು ಕಿವಿ ಬರಿದು. ಏಳಜ್ಜಿ ಅಂದೆ. ಏಳಲ್ಲ ಕಣೋ ಅಂದ್ಲು. ಎದ್ದೇಳು, ಇಲ್ಲಾಂದ್ರೆ ನಾನು ಏನ್ ಮಾಡ್ಬೇಕು ಗೊತ್ತಲ್ಲ ಅಂದೆ. ಗೊತ್ತು ಅಂದ್ಲು. ಬಾಯಲ್ಲಿದ್ದ ಚುಟ್ಟ ತೆಗ್ದು ನನ್ನ ಕೈಗೆ ಕೊಟ್ಲು. 'ಹಿಡ್ಕೊ ಮಗಾ, ಇನ್ನೂ ಅರ್ಧ ಇದೆ, ದಂಡ ಆಗ್ಬಾರ್ದು' ಅಂದ್ಲು." ಆಮೇಲೆ, "ನಾನು ಅದನ್ನ ಸೇದ್ದೆ ಸಾಹೇಬ್ರೇ. ಪೂರ್ತಿ ಸೇದ್ದೆ" ಎಂದ.

ನಾನು ಚರ್ಮದ ಹಿಂದೆ ಕೈಯನ್ನು ಬಾಯಿಗೆ ತುರುಕಿಕೊಂಡಿದ್ದೆ. ನ್ಯಾಯಾಧೀಶರು ಅಳುವ ಹಾಗಿಲ್ಲ, ಅದೂ ಹೆಂಗಸಿನ ದನಿಯಲ್ಲಿ.

ಮೇಲೆ ಅತ್ತೆ ದಣಿವಿಗೆ ತೀರಿಕೊಂಡರೆಂದು ನಂಬಿದ್ದೆ ಎಂದೆನಲ್ಲ, ಆ ನಂಬಿಕೆ ಹೋದದ್ದು ಹೀಗೆ. ಮಾರನೆಯ ಬೆಳಿಗ್ಗೆ ಕಾಸಿಮಿರಾ ಬಂದು ಏನಂತೆ ಇವತ್ತು ಎಂದು ಕೇಳಿದಳು. ಹೂಂ ಎಂದಿದ್ದರೆ ಸಾಕಿತ್ತು. ಅವಳ ಕೈಯಲ್ಲಿ ಮಚ್ಚಿತ್ತು. ಅವನು ಬೇಲಿಯ ಹತ್ತಿರ ನೊಗ ಕಟ್ಟಿಕೊಳ್ಳುತ್ತಿದ್ದ. ನಿಮ್ಮ ತಾಯಿಯ ಜೀವ ತೆಗೆದವನ ಕೈಯಿಂದಲೇ ನಿಮ್ಮ ಹೊಲ ಉಳುವಂತಾಗಿತ್ತು. "ಇವತ್ತು ಬೇಡವಂತೆ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ನೀವಾಗಿದ್ದರೆ ಏನೆನ್ನುತ್ತಿದ್ದಿರೋ ಎಂದು ಒಳಗೆ ಕುಳಿತು ಬಹಳ ಯೋಚಿಸಿದ್ದೇನೆ. ಸತ್ತ ನಿಮ್ಮ ಮನಸ್ಸು ನನಗೆ ತಿಳಿಯುತ್ತಿತ್ತು. ಬದುಕಿರುವ ನಿಮ್ಮ ಮನಸ್ಸು ತಿಳಿಯದು.

ಈ ವರ್ಷದ ಆರಂಭದಲ್ಲಿ ಮತ್ತೆ ಆಜ್ಞೆ ಬಂತು. ಎಲ್ಲ ನ್ಯಾಯಾಧೀಶರೂ ಅಧಿಕಾರಿಯ ಮುಂದೆ ಖುದ್ದಾಗಿ ನಿಂತು ಪ್ರಮಾಣ ಮಾಡಿ ಸಹಿ ಹಾಕಬೇಕು. ಹಾಕಿದರೆ ಊರಿನ ನೆಲಕ್ಕೆ ಹಕ್ಕುಪತ್ರ. ಆಗಲೇ ನದಿಯ ಕಡೆಯಿಂದ ಯಾರೋ ಪರದೇಶದವರು ಸರಪಳಿ ಹಿಡಿದು ನಮ್ಮ ಹುಲ್ಲುಗಾವಲನ್ನು ಅಳೆಯುತ್ತಿದ್ದರು.

ಎಲ್ಲರೂ ನಮ್ಮ ಮನೆಯಲ್ಲಿ ಸೇರಿದೆವು. ಕೊನೆಗೆ ಕಾಸಿಮಿರಾ, ನೆಲ ನೋಡುತ್ತಲೇ, "ಒಬ್ಬ ಗಂಡಸು ಇದಾನಲ್ಲ" ಎಂದಳು. ತಂಗಿಯನ್ನು ಕಳೆದುಕೊಂಡವಳು ಅವಳು. ಅವಳಲ್ಲದೆ ಬೇರೆ ಯಾರೂ ಆ ಮಾತನ್ನು ಆಡುವಂತಿರಲಿಲ್ಲ.

ತಿಬುರ್ಸಿಯೊನನ್ನು ಕರೆದು ಹೇಳಿದೆವು. ಅವನು ಹೌಹಾರಿದ. "ಸಾಹೇಬ್ರು ಒಳಗಿರೋವಾಗ ನಾನು ಹೆಂಗೆ ಅವರ ಹೆಸ್ರು ಹೇಳ್ಲಿ? ಪಾಪ ಸುತ್ಕೊಳುತ್ತೆ. ಅವರನ್ನೇ ಎತ್ಕೊಂಡು ಬರ್ತೀನಿ ಬೇಕಾದ್ರೆ, ಎಷ್ಟೇ ಕಾಯಿಲೆಯಿರ್ಲಿ" ಎಂದ. ಬೇರೆ ದಾರಿಯಿರಲಿಲ್ಲ. ಕಾಸಿಮಿರಾ ಎದ್ದು ಹೋಗಿ ಚರ್ಮವನ್ನು ಪಕ್ಕಕ್ಕೆ ಸರಿಸಿದಳು.

ಖಾಲಿ ಕುರ್ಚಿ, ಅದರ ಮೇಲೆ ಪೊಂಚೊ. ಅವನು ನೋಡಿದ. ಕೋಣೆಯ ಮೂಲೆ ಮೂಲೆ ನೋಡಿದ. "ಹಾಗಾದ್ರೆ ಇಷ್ಟು ದಿನ ಕೇಳಿಸ್ಕೊಂಡೋರು ಯಾರು?" ಎಂದ.

ಕಾಸಿಮಿರಾ, "ಕೇಳಿಸ್ಕೋಬೇಕಾದೋರು ಕೇಳಿಸ್ಕೊಂಡ್ರು" ಎಂದಳು.

ಅವನು ನನ್ನನ್ನು ನೋಡಿದ. ಆಮೇಲೆ ನನ್ನ ಮಗ್ಗುಲಲ್ಲಿ ನಿಂತಿದ್ದ ದೆಲ್ಫಿನಾಳನ್ನು. ಅವಳ ಒಂದು ಕಿವಿಯಲ್ಲಿ ಓಲೆ, ಒಂದು ಕಿವಿ ಬರಿದು. ಅವನಿಗೆ ತಿಳಿಯಿತೋ ಇಲ್ಲವೋ ನಾನು ಕೇಳಿಲ್ಲ, ಅವನು ಹೇಳಿಲ್ಲ. ಆದರೆ ಅಂದಿನಿಂದ ಅವನು ಆ ಮಗುವಿನ ಮುಖವನ್ನು ನೇರವಾಗಿ ನೋಡಿಲ್ಲ. ಅವಳು ನೀರು ತಂದುಕೊಟ್ಟರೆ ಕಣ್ಣು ಮುಚ್ಚಿ ಕುಡಿಯುತ್ತಾನೆ.

ಅಕ್ಷರ ಬಾರದವನಿಗೆ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ನಿಮ್ಮ ಹೆಸರು ಬರೆಯಲು ಕಲಿಸಿದೆ. ಅದೊಂದೇ ಅವನಿಗೆ ಬರುವುದು. ಅಧಿಕಾರಿ ಬಂದ, ಅವನು ನಿಮ್ಮ ಪೊಂಚೊ ಹೊದ್ದು ನಿಂತು ಎವರಿಸ್ತೊ ಕಾನ್ಯೆತೆಯಾದ ನಾನು ಎಂದು ಪ್ರಮಾಣ ಮಾಡಿದ, ಸಹಿ ಹಾಕಿದ. ಹಕ್ಕುಪತ್ರ ಬಂತು. ಸರಪಳಿಯವರು ಹೊಳೆಯಾಚೆ ಹೋದರು. ಹಾಗೆ ಊರು ಉಳಿಯಿತು.

ಚರ್ಮವನ್ನು ನಾವು ಮತ್ತೆ ಇಳಿಬಿಡಲಿಲ್ಲ. ಅವನು ಆ ಕುರ್ಚಿಯ ಮೇಲೆ ಇಂದಿಗೂ ಕುಳಿತಿಲ್ಲ. ಪಕ್ಕದಲ್ಲಿ ನಿಂತು, ಜಗಳ ಕೇಳಿ, ಹೆಂಗಸರೆಲ್ಲ ಏನೆನ್ನುತ್ತೀರಿ ಎಂದು ಕೇಳಿ, ಅದನ್ನೇ ಹೇಳುತ್ತಾನೆ. ಮಲಗುವುದು ಈಗಲೂ ಬಂಡಿಯ ಕೆಳಗೆ. ನಿಮ್ಮ ಕಾಗದವನ್ನು ಇಟಲಿಯ ವ್ಯಾಪಾರಿ ತಂದು ನ್ಯಾಯಾಧೀಶರಿಗೆಂದು ಅವನ ಕೈಗೇ ಕೊಟ್ಟ. ಅವನಿಗೆ ಓದಲು ಬರುವುದು ಒಂದೇ ಹೆಸರು, ಅದು ಕೊನೆಯಲ್ಲಿತ್ತು. ಮರಗೆಣಸು ಸುಲಿಯುತ್ತಿದ್ದ ನನ್ನ ಹತ್ತಿರ ಬಂದು, "ಇದರಲ್ಲಿ ನನ್ನ ಸಹಿ ಇದೆಯಮ್ಮ. ನಾನು ಹಾಕಿದ್ದಲ್ಲ" ಎಂದ.

ನೀವು ಬರಬಹುದೇ ಎಂದು ಕೇಳಿದ್ದೀರಿ. ಕಾಸಿಮಿರಾ, "ಬರ್ಲಿ, ಬಂದ್ರೆ ನೊಗಕ್ಕೆ ಇನ್ನೊಂದು ಹೆಗಲಾಯ್ತು. ಹೆಸ್ರು ಮಾತ್ರ ಹೊರಗೆ ಬಿಟ್ಟು ಬರ್ಬೇಕು" ಎನ್ನುತ್ತಾಳೆ. ಅವಳು ಹಾಸ್ಯ ಮಾಡುತ್ತಿಲ್ಲ. ನೀವು ನೀವಾಗಿ ಬಂದರೆ ಪ್ರಮಾಣ ಸುಳ್ಳಾಗುತ್ತದೆ, ಹಕ್ಕುಪತ್ರ ಬಿದ್ದುಹೋಗುತ್ತದೆ, ಹೊಳೆಯಾಚೆಯವರು ಸರಪಳಿ ತೆಗೆದುಕೊಂಡು ಈಚೆ ಬರುತ್ತಾರೆ. ಬೇರೆ ಹೆಸರಿನಲ್ಲಿ ಬಂದರೆ ನಿಮ್ಮ ಮಗಳಿಗೆ ನೀವು ಯಾರೆಂದು ಹೇಳಲಿ? ಬರದಿದ್ದರೆ ನಿಮ್ಮನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತೇನೆ, ಈ ಸಲ ಜೋರಾಗಿ ಅಳುವುದಕ್ಕೂ ಆಗುವುದಿಲ್ಲ.

ಬನ್ನಿ ಎನ್ನಲು ನನಗೆ ಆಸೆ. ಹೇಗೆ ಎಂದು ಗೊತ್ತಿಲ್ಲ. ನೀವೇ ಯೋಚಿಸಿ ತಿಳಿಸಿ. ಚಳಿಗೆ ಎದೆಯನ್ನು ಬೆಚ್ಚಗಿಟ್ಟುಕೊಳ್ಳಿ.

ಎರಡು ಸಲ ನಿಮ್ಮವಳಾದ,
ಹಿಗಿನಿಯಾ

ಮರೆತ ಮಾತು: ಈ ಕಾಗದವನ್ನು ವ್ಯಾಪಾರಿಯ ಕೈಯಲ್ಲಿ ಕಳಿಸಬೇಕೆಂದಿದ್ದೆ. ಬೇಡ, ನಾನೇ ಒಯ್ಯುತ್ತೇನೆ ಎಂದು ತಿಬುರ್ಸಿಯೊ ಹಟ ಹಿಡಿದ. "ಇವತ್ತು ಬೇಡ ಇವತ್ತು ಬೇಡ ಅಂತ ಎಷ್ಟು ದಿನ ಅಮ್ಮ? ಅವರು ನಿಜವಾಗ್ಲೂ ಇದ್ದಾರೆ ಅಂದ್ಮೇಲೆ ಅವರನ್ನೇ ಕೇಳ್ತೀನಿ" ಎಂದ. ಒಳಗೆ ಏನು ಬರೆದಿದೆ ಎಂದು ನಾನು ಹೇಳಿಲ್ಲ. ನಿಮ್ಮ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು, ನೀವು ಓದಿ ಮುಗಿಸಲೆಂದು ಕಾಯುತ್ತಾ ನಿಂತಿರುವವನು ಅವನೇ. ನಿಮ್ಮ ತಾಯಿ ನಿಮ್ಮವರು, ತೀರ್ಪೂ ನಿಮ್ಮದು. ನಾನು ನಡುವೆ ಬರುವುದಿಲ್ಲ. ಆದರೆ ಮರಗೆಣಸಿನ ಕಡ್ಡಿ ನೆಡುವ ಕಾಲ ಹತ್ತಿರ ಬಂದಿದೆ. ಏನು ಮಾಡುವುದಿದ್ದರೂ ಮೊದಲು ಅವನಿಗೆ ಊಟಕ್ಕಿಡಿ. ತಾನಾಗಿ ಕೇಳುವವನಲ್ಲ.